ರಾಣಿ ಏನು ತಿನ್ನುತ್ತಾಳೆ

ಫೆಬ್ರುವರಿ 11, ಭಾನುವಾರ, ಸಂಜೆ

ಜೀಡಿಮೆಟ್ಲಾದ ನಾದಿನಿ ಮನೆಯಲ್ಲಿ ಕೋಳಿ ಸಾರು ಉಂಡು ಬಂದೆವು. ಸನತ್‌ನಗರದ ನಮ್ಮ ಓಣಿ ಬರುವ ಮೊದಲು ಎಂದಿನಂತೆ ಮೂವರೂ ಸೋಂಪು ಅಗಿದೆವು — ಇವರು, ನಾನು, ಐದನೇ ಕ್ಲಾಸಿನ ಶೀತಲ. ಕೆಳಗಿರುವ ಓನರ್ ಕೃಷ್ಣಾಬಾಯಿಗೆ ವಾಸನೆ ಬಡಿಯಬಾರದಲ್ಲ! ಮೇಲಿನ ಮನೆ ಕೊಡುವಾಗಲೇ ಷರತ್ತು, ನಾನ್‌ವೆಜ್ ಬೇಯಿಸಬಾರದು. ಒಪ್ಪಿದ್ದೇವೆ. ಬೇಯಿಸಿಲ್ಲ. ಆದರೂ ಕಳ್ಳರ ಹಾಗೆ ಮೆಟ್ಟಿಲು ಹತ್ತಬೇಕು. ಥೂ.

ಫೆ. 13

ಶೀತಲಳಿಗೆ ಸೈನ್ಸ್ ಓದಿಸಿದೆ. ಹರ್ಬಿವೋರ್ ಅಂದರೆ ಸಸ್ಯಾಹಾರಿ. ಕಾರ್ನಿವೋರ್, ಮಾಂಸಾಹಾರಿ. ಆಮ್ನಿವೋರ್, ಎರಡನ್ನೂ ತಿನ್ನುವಂಥದ್ದು. ಆಕಳು, ಹುಲಿ, ಕಾಗೆ... ಪಟಪಟ ಹೇಳಿದಳು.

"ನಾವು ಆಮ್ನಿವೋರ್, ಹೌದಿಲ್ಲವ್ವಾ?"

ಮೆಲ್ಲಗೆ ಹೇಳು ಅಂದೆ. ಪಾಠವನ್ನೂ ಪಿಸುಗುಟ್ಟಿ ಓದುವ ಕಾಲ ಬಂತು.

ಫೆ. 16, ಮಧ್ಯಾಹ್ನ

ಮೆಟ್ಟಿಲ ಮೇಲೆ ಕೋಳಿ ಎಲುಬು. ಕೃಷ್ಣಾಬಾಯಿ ಓಣಿಗೆಲ್ಲ ಕೇಳುವಂತೆ ಕೂಗಾಡಿದರು. "ಮಾತು ಕೊಟ್ಟು ಹಿಂಗ ಹೊಲಸು ಮಾಡ್ತೀರೇನ್ರಿ?"

ನಮ್ಮದಲ್ಲ, ನಿಮ್ಮ ಬೆಕ್ಕು ತಂದಿರಬೇಕು ಅಂದೆ. ಓಣಿಯ ತುದಿಗೇ ಚಿಕನ್ ಅಂಗಡಿ ಇದೆ.

"ನಮ್ಮ ರಾಣಿ ಹುಟ್ಟಿದಾಗಿಂದ ಹಾಲು ಮೊಸರನ್ನ ಬಿಟ್ಟು ಏನೂ ಮುಟ್ಟಿಲ್ಲ. ಪ್ಯೂರ್ ವೆಜ್!"

ಬೆಕ್ಕಿಗೂ ಮಡಿ! ನಗು ಬರಬೇಕಿತ್ತು, ಮೈ ಉರಿಯಿತು. ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ಶೀತಲಳ ಪರೀಕ್ಷೆ ಎದುರಿಗಿದೆ. ಈಗ ಎಲ್ಲಿ ಮನೆ ಹುಡುಕುವುದು?

ಫೆ. 17

ಇವರು ಕೆಳಗೆ ಹೋಗಿ ಕೈಮುಗಿದು ನಿಂತರು. ಹಿಂದೆ ನಾನು, ಶೀತಲ. ಕೃಷ್ಣಾಬಾಯಿ ತೊಡೆಯ ಮೇಲೆ ರಾಣಿ. ನಮ್ಮನ್ನು ಬಿಟ್ಟು ಮಗುವನ್ನೇ ಕೇಳಿದರು — "ಸಾಲಿ ಕಲಿಯೋಕಿ, ನೀ ಹೇಳವಾ. ನಮ್ಮ ರಾಣಿ ಏನು?"

ಶೀತಲ ಅಪ್ಪನ ಮುಗಿದ ಕೈ ನೋಡಿದಳು. "ಹರ್ಬಿವೋರ್ ರಿ, ಅಜ್ಜಿ."

"ನೋಡ್ರಿ, ಕೂಸಿಗಿದ್ದ ಬುದ್ಧಿ ನಿಮಗಿಲ್ಲ. ತಪ್ಪಾತು ಅನ್ರಿ, ಪರೀಕ್ಷಾ ಮುಗಿಯೋತನಕ ಇರ್ರಿ."

ಇವರು ಅಂದೇಬಿಟ್ಟರು! ಮಾಡದ ತಪ್ಪಿಗೆ! ಮೇಲೆ ಬಂದ ಮೇಲೆ ಶೀತಲ ಕೇಳಿದಳು, "ಪರೀಕ್ಷಾದಾಗೂ ಹಂಗ ಬರೀಬೇಕೇನವ್ವಾ?"



ಫೆ. 18, ಭಾನುವಾರ

ಜೀಡಿಮೆಟ್ಲಾಕ್ಕೆ ಹೋಗಲಿಲ್ಲ. ಬೆಳಿಗ್ಗೆಯೇ ಮಗಳ ಕೈ ಹಿಡಿದು ಕೆಳಗಿಳಿದೆ. "ಪುಸ್ತಕದಾಗ ಇದ್ದಂಗ ಇನ್ನೊಮ್ಮೆ ಹೇಳವ್ವಾ."

"ಬೆಕ್ಕು ಕಾರ್ನಿವೋರ್ ರಿ, ಅಜ್ಜಿ." ನನ್ನ ಸೆರಗು ಹಿಡಿದುಕೊಂಡಳು. ಆದರೂ ಹೇಳಿದಳು, ನನ್ನ ಬಂಗಾರ.

"ನಾವು ಆಮ್ನಿವೋರ್ ರಿ," ಅಂದೆ ನಾನು. "ಆದರ ಎಲುಬು ನಮ್ಮದಲ್ಲ. ತಪ್ಪಾತು ಅನ್ನಂಗಿಲ್ಲ."

ಹಾಗಾದರೆ ನಡೀರಿ ಅಂದರು ಕೃಷ್ಣಾಬಾಯಿ. ಇವರು ನನ್ನ ಮೇಲೆ ಹಾರಾಡಿದರು: "ಒಂದ್ ಮಾತು ನುಂಗಿದ್ರ ಏನ್ ಹೋಗ್ತಿತ್ತು ನಿಂದು?" ವರ್ಷವಿಡೀ ನುಂಗಿದ್ದೇ ನುಂಗಿದ್ದು! ಸಾಕು.

ಫೆ. 28, ಸಂಜೆ

ಅಂತೂ ಮನೆ ಸಿಕ್ಕಿತು. ದೂರ. ಶೀತಲಳ ಸಾಲೆಗೆ ಎರಡು ಬಸ್ಸು ಬದಲಿಸಬೇಕು. ಸಾಮಾನು ಕಟ್ಟಿಯಾಗಿದೆ, ಒಲೆ ಮಾತ್ರ ಉಳಿದಿದೆ. ಹತ್ತು ದಿನ ಮುಖ ಗಂಟು ಹಾಕಿಕೊಂಡಿದ್ದ ಇವರು ಡ್ಯೂಟಿಯಿಂದ ಬಂದು ಚೀಲವೊಂದನ್ನು ಕೈಗಿಟ್ಟರು. ಮೀನು! "ಮಾಡು," ಅಂದರು, ಅಷ್ಟೇ. ಕೊಟ್ಟ ಮಾತಿತ್ತು. ನಾವು ಸುಳ್ಳರು ಅಂತ ಓಣಿಗೆಲ್ಲ ಸಾರಿದ ಮೇಲೆ ಎಂಥ ಮಾತು?

ಕಿಟಕಿ ಪೂರ್ತಿ ತೆರೆದು ಹುರಿಯುತ್ತಿದ್ದೇನೆ. ನಡುನಡುವೆ ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಕೃಷ್ಣಾಬಾಯಿ ಕರೆಯುತ್ತಿದ್ದಾರೆ — "ರಾಣೀ... ಮೊಸರನ್ನ ಕಲಸೀನಿ, ಬಾರವಾ..."

ರಾಣಿ ನಮ್ಮ ಹೊಸ್ತಿಲ ಮೇಲೆ ಕೂತಿದ್ದಾಳೆ. ಕಿವಿ ಕೂಡ ಅಲುಗಿಸುತ್ತಿಲ್ಲ. ಮೆಟ್ಟಿಲ ಮೇಲೆ ಕೃಷ್ಣಾಬಾಯಿಯ ಹೆಜ್ಜೆ ಸಪ್ಪಳ. ಶೀತಲ ಒಂದು ತುಂಡು ಮುರಿದು, ಊದಿ ಆರಿಸಿ, ಬಾಗಿಲ ಕಡೆ —