ಬೇಲಿಗೆ ಕಟ್ಟಿದ ಬಟ್ಟೆ

ಅತ್ತೆ,

ಉಪ್ಪಿಟ್ಟು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನಿ. ನಾನು ಆಫೀಸಿಗೆ ಹೊರಟೆ.

ನಿನ್ನೆ ನೀವು ಬೇಲಿಯಿಂದ ಬಿಚ್ಚಿ, ಬ್ಲೀಚು ಹಾಕಿ ಒಗೆದು, ಇಸ್ತ್ರಿ ಮಾಡಿ ಪಕ್ಕದ ಮನೆಯ ಲ್ಹಾಮು ಅಮ್ಮನಿಗೆ ಕೊಟ್ಟಿರಲ್ಲ, ಅವು ಒಣಹಾಕಿದ ಬಟ್ಟೆಗಳಲ್ಲ. ಮಂತ್ರ ಅಚ್ಚುಹಾಕಿದ ಪತಾಕೆಗಳು. ಗಾಳಿ ಬೀಸಿದಾಗ ಆ ಮಂತ್ರ ಎಲ್ಲರಿಗೂ ತಲುಪುತ್ತದಂತೆ. ಮಾಸಿದರೂ ಹರಿದರೂ ಹಾಗೇ ಬಿಡಬೇಕಂತೆ. ಅಚ್ಚುಹಾಕಿದವರು ತೀರಿಹೋದ ಅವರ ಯಜಮಾನರು. ಈ ದೇಶದಲ್ಲೇ ಹುಟ್ಟಿದ ಮೊಮ್ಮಕ್ಕಳಿಗೆ ತಾತನ ಕೈಕೆಲಸವೆಂದು ತೋರಿಸಲು ಅವಷ್ಟೇ ಇದ್ದವು.

ಬೆಳಿಗ್ಗೆ ಅವರ ಮಗಳು ಯಾಂಗ್ಜಿ ಇದನ್ನೆಲ್ಲ ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಒಂದು ಮಾತು ನನ್ನನ್ನು ಕೇಳಬಾರದಿತ್ತೇ? ಬೈಯುತ್ತಿಲ್ಲ, ಅತ್ತೆ. ಹಬ್ಬದ ಹಿಂದಿನ ದಿನ ಮಾಸಿದ ಬಟ್ಟೆ ಕಂಡರೆ ನಿಮ್ಮ ಕೈ ಸುಮ್ಮನಿರುವುದಿಲ್ಲವೆಂದು ಗೊತ್ತು. ಅವರ ಹಬ್ಬವೆಂದು ನೆನಪಿಟ್ಟುಕೊಂಡವರೂ ನೀವೊಬ್ಬರೇ.

ಇವತ್ತು ಅವರ ಹೊಸ ವರ್ಷ. ಡ್ಯಾನ್‌ವಿಲ್, ಓಕ್ಲೆಂಡ್ ಕಡೆಯ ನಾಲ್ಕೈದು ಶೆರ್ಪಾ ಮನೆಯವರು ಅಲ್ಲಿ ಸೇರುತ್ತಾರೆ. ಲ್ಹಾಮು ಅಮ್ಮ ನಿಮ್ಮನ್ನು ಕರೆಯಲು ತಾವೇ ಬರುತ್ತಾರಂತೆ. ತಲೆನೋವೆಂದು ಮಲಗಿಬಿಡಬೇಡಿ. ಬರಿಗೈಯಲ್ಲಿ ಹೋಗಬೇಡಿ, ಸ್ಟೀಲು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಇದೆ. ಅವರ ಟೀಗೆ ಉಪ್ಪು, ಬೆಣ್ಣೆ ಹಾಕಿರುತ್ತಾರೆ, ಮುಖ ಕಿವುಚಬೇಡಿ.

ಅಡುಗೆಮನೆ ಕಿಟಕಿಯಿಂದ ನೋಡಿ. ಅಕ್ಷರ ಹೋಗಿ ಬೆಳ್ಳಗಾದ ಆ ಬಟ್ಟೆಗಳನ್ನೇ ಲ್ಹಾಮು ಅಮ್ಮ ಮತ್ತೆ ಬೇಲಿಗೆ ಕಟ್ಟಿದ್ದಾರೆ.

ಮಧ್ಯಾಹ್ನ ಮಳೆಯಂತೆ. ಒಳಗೆ ತರಬೇಡಿ.

ಜಲಜಾ