ಚಳಿಯಾಗದ ಇಲಿ, ಅಕ್ಕನ ಫ್ಯಾನು

ಅಕ್ಕಾ,

ಹೊಸ ಊರು, ಹೊಸ ಲ್ಯಾಬು ಎರಡೂ ಒಗ್ಗಿವೆ. ಊಟ ನಿದ್ದೆ ಚೆನ್ನಾಗಿದೆ, ಚಿಂತೆ ಬಿಡು.

ನಿನ್ನೆ ಒಂದು ಎಡವಟ್ಟು ಮಾಡಿದೆ. ಔಷಧಿ ಕೊಟ್ಟಿದ್ದ ಇಲಿಯೊಂದನ್ನು ಮುಟ್ಟಿದರೆ ಮೈ ತಣ್ಣಗಿತ್ತು. ಆದರೂ ಅದು ನಡುಗದೆ, ಹತ್ತಿಯ ಗೂಡಿಗೂ ಹೋಗದೆ, ಕಾಲು ಚಾಚಿ ಹಾಯಾಗಿ ಬಿದ್ದುಕೊಂಡಿತ್ತು. ಪಾಪ ಎಂದು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿದೆ. ಅದರ ಮೈಕಾವಿನ ಆ ದಿನದ ಅಳತೆಯೆಲ್ಲ ಹಾಳಾಯಿತು. ಲ್ಯಾಬಿನ ಮೇಡಂ ಬೈಯಲಿಲ್ಲ, ನಕ್ಕರು. "ಅದಕ್ಕೆ ಚಳಿನೇ ಆಗ್ತಿರ್ಲಿಲ್ಲ ಕಣಮ್ಮ, ಚಳಿ ಆಗಿದ್ದು ನಿಂಗೆ" ಅಂದರು. ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿ ಹಲವು ಬಗೆ ಇವೆಯಂತೆ. ನಮ್ಮ ಔಷಧಿಯಂತೆ ಒಂದು ಬಗೆಯದನ್ನು ಕೆಣಕಿದರೆ ಮೈ ತಣ್ಣಗಾಗುತ್ತದೆ, ಮಿದುಳಿಗೆ ಆ ತಂಪೇ ಸರಿ ಅನ್ನಿಸುತ್ತದೆ; ಇನ್ನೊಂದನ್ನು ಕೆಣಕಿದರೆ ಕಾವೇರುತ್ತದೆ.

ತಟ್ಟನೆ ನಿನ್ನ ನೆನಪಾಯಿತು. ಮನೆಮಂದಿಯೆಲ್ಲ ಕಂಬಳಿ ಹೊದ್ದಿರುವಾಗ ನೀನು ಬೆವರುತ್ತ ಫ್ಯಾನ್ ಹಾಕುತ್ತೀಯ. ಭಾವ "ಇದೆಲ್ಲ ಬರೀ ನಾಟಕ" ಎಂದು ಆರಿಸುತ್ತಾರೆ. ನಿನ್ನ ವಿಷಯ ಹೇಳಿದಾಗ, ಮುಟ್ಟು ನಿಲ್ಲುವ ವಯಸ್ಸಿನ ಮೈಯುರಿಯಲ್ಲೂ ಈ ಗ್ರಾಹಕಗಳ ಕೈವಾಡ ಇರಬಹುದು ಎಂದರು ಮೇಡಂ. ಒಮ್ಮೆ ಡಾಕ್ಟರಿಗೆ ತೋರಿಸು.

ಇದನ್ನೆಲ್ಲ ತೆರೆದ ಅಂಚೆ ಕಾರ್ಡಿನಲ್ಲಿ ಬರೆಯುವುದೇ ಎಂದು ಬೈಯಬೇಡ. ಭಾವನೂ ಓದಲಿ ಎಂದೇ ಕವರು ಕೊಳ್ಳಲಿಲ್ಲ.

ನಿನ್ನ ಪುಟ್ಟಿ