ಇಂಶಿರಾಹಳ ನಗು

ಶುಬ್ರಾ, ಕೈರೋ
12 ಅಕ್ಟೋಬರ್ 1993, ಮಂಗಳವಾರ

ನನ್ನ ಮುದ್ದು ತಂಗಿ ಇಂಶಿರಾಹ್,

ಹೇಗಿದ್ದೀ? ಮಂಡಿನೋವು ಇಳಿಯಿತೆ? ಪೋರ್ಟ್ ಸಯೀದಿನ ಸಮುದ್ರದ ಗಾಳಿ ಮೂಳೆಗೆ ಆಗುವುದಿಲ್ಲ ಎಂದು ಕೆಳಗಿನ ಔಷಧಿ ಅಂಗಡಿಯವನು ಹೇಳಿದಾಗಿನಿಂದ ನನಗೆ ಅದೇ ಚಿಂತೆ. ಮಲಗುವ ಮುಂಚೆ ಗ್ಯಾಸ್ ಬಂದ್ ಮಾಡುತ್ತೀ ತಾನೆ? ಎರಡು ಸಲ ನೋಡು. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಮ್ಮ ನಾಟಕದ ಕಂಪನಿ ಮುಚ್ಚಿತು. ರಂಗದ ಮುಂದಿನ ಗುಂಡಿಯಲ್ಲಿ ಕೂತು ನನಗೆ ಪಿಸುಮಾತಿನಲ್ಲಿ ಮಾತು ಹೇಳಿಕೊಡುತ್ತಿದ್ದ ಅಬೂ ಶಾದಿ ತೀರಿಕೊಂಡರು. ಸೀರಿಯಲ್ಲಿನವರು ಈಗ ಕಾಗದ ಕೈಗಿಟ್ಟು "ಓದ್ಕೊಳ್ಳಿ ಹಾಜ್ಜಾ" ಅನ್ನುತ್ತಾರೆ. ಬೇರೆಯವರ ಬರಹ ನನಗೆ ಸರಾಗ ಓದಲು ಬಾರದು, "ಕನ್ನಡಕ ಮರ್ತು ಬಂದೆ ಮಗಾ" ಅನ್ನುತ್ತೇನೆ. "ದಿನಾ ಮರೀತೀರಲ್ಲ, ಕತ್ತಿಗೆ ಕಟ್ಕೊಳ್ಳಿ" ಎಂದು ಬೈದುಕೊಂಡೇ ಓದಿ ಹೇಳುತ್ತಾರೆ. ಎಷ್ಟು ದಿನ ಓದಿ ಹೇಳಿಯಾರು ಎಂಬುದೇ ಭಯ. ಹದಿನೇಳಕ್ಕೆ ಕಾಫಿ ತಟ್ಟೆ ಹಿಡಿದು ರಂಗಕ್ಕೆ ಬಂದವಳು ನಾನು. ಕೆಲಸದವಳು, ಸೂಲಗಿತ್ತಿ, ಅತ್ತೆ, ಹೆಣದ ಮುಂದೆ ಕೂಗಿ ಅಳುವವಳು, ಎಲ್ಲ ಆದೆ. ಕ್ಯಾಮೆರಾ ಮುಂದೆ ಹನ್ನೊಂದು ಗಂಡುಮಕ್ಕಳನ್ನು ಮಣ್ಣು ಮಾಡಿದೆ. ಮನೆಯಲ್ಲಿ ಒಂದೂ ಹುಟ್ಟಲಿಲ್ಲ. ಪೋಸ್ಟರಿನಲ್ಲಿ ನನ್ನ ಹೆಸರು ಯಾವಾಗಲೂ ಅಡಿಯಲ್ಲಿ, ಅಂಟು ಬಳಿಯುವವನ ಬ್ರಷ್ ತಾಗುವ ಕಡೆ. ಆದರೂ ಟ್ರಾಮಿನಲ್ಲಿ ಹೆಂಗಸರು ನನ್ನ ತೋಳು ಹಿಡಿದು "ಅಯ್ಯೋ, ಆ ನಗೋ ಉಮ್ಮ್ ಜಕಿ ನೀವೇ ಅಲ್ವಾ! ಒಂದ್ಸಲ ನಕ್ಕು ತೋರ್ಸಿ" ಅನ್ನುತ್ತಾರೆ.

ಆ ನಗುವಿನ ಮಾತು ಹದಿನಾರು ವರ್ಷದಿಂದ ನನ್ನ ಗಂಟಲಲ್ಲಿದೆ. ಅಲೆಕ್ಸಾಂಡ್ರಿಯಾದ ಬೇಸಿಗೆ ಆಟದಲ್ಲಿ ನನಗೆ ನೆರೆಮನೆಯ ಉಮ್ಮ್ ಜಕಿಯ ಪಾತ್ರ. ಐದು ದಿನ ಒಬ್ಬರೂ ನಗಲಿಲ್ಲ. ಕೆಲಸ ಹೋಯಿತೆಂದು ಹೆದರಿ ಆರನೇ ದಿನ ನಿನ್ನ ನಗುವನ್ನು ನಕ್ಕೆ. ಕತ್ತು ಹಿಂದಕ್ಕೆ ಚೆಲ್ಲಿ ಕುದಿಯುವ ಕೆಟಲಿನ ಹಾಗೆ ಗೊರಗುಟ್ಟಿ, ಥಟ್ಟನೆ ಎದೆ ಮೇಲೆ ಕೈಯಿಟ್ಟು "ದೇವ್ರೇ, ಒಳ್ಳೇದೇ ಆಗ್ಲಿ!" ಎಂದು ಬಾಗಿಲ ಕಡೆ ನೋಡಿದೆ. ಹೆಚ್ಚು ನಕ್ಕಾಗ ನಾವೆಲ್ಲ ಆ ಮಾತು ಹೇಳುವವರೇ. ಕೆಟ್ಟ ಸುದ್ದಿ ಮೆಟ್ಟಿಲು ಹತ್ತಿ ಬಂತೇನೋ ಎಂದು ನಿಜವಾಗಿ ಬಾಗಿಲು ನೋಡುತ್ತಿದ್ದವಳು ನೀನೊಬ್ಬಳೇ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಆ ನಗು ಸಿನಿಮಾಕ್ಕೂ ಹೋಯಿತು. ನಿನಗೆ ಟಿಕೆಟ್ ತಂದುಕೊಟ್ಟವಳೂ ನಾನೇ. ಮರುವಾರ ತರಕಾರಿ ಅಂಗಡಿಯ ಸಾಲಿನಲ್ಲಿ ಹುಡುಗಿಯರು ನಿನ್ನನ್ನು ಕಂಡು "ಬಾಗ್ಲು ನೋಡು, ಬಾಗ್ಲು ನೋಡು!" ಎಂದು ಕೂಗಿದರಂತೆ. "ನಮ್ಮಕ್ಕ ನನ್ನನ್ನ ಊರಿಗೆಲ್ಲ ಹಂಚಿಬಿಟ್ಲು" ಅಂದೆ ನೀನು. "ನಟಿ ಅಂದ್ಮೇಲೆ ಎಲ್ಲಿಂದಾದ್ರೂ ತಗೋಬೇಕಲ್ಲ" ಅಂದೆ ನಾನು. ಕೇಳಿ ತೆಗೆದುಕೊಳ್ಳಬಹುದಿತ್ತು. ನಿನ್ನ ಮಗಳ ಮದುವೆಯಲ್ಲಿ ಹೆಂಗಸರ ಹಿಂದೆ ನಿಂತು ನೋಡಿದೆ. ನೀನು ತುಟಿ ಬಿಗಿದು ಬರೀ ಮುಗುಳ್ನಕ್ಕೆ. ನಾನು ಊಟ ಮಾಡದೆ ಬಂದುಬಿಟ್ಟೆ.

ನಿನ್ನ ಯಜಮಾನರಿಗೆ ಸಲಾಂ ಹೇಳು. ಮೊಮ್ಮಕ್ಕಳಿಗೆ ನನ್ನ ಮುತ್ತು, ಯಾರದೆಂದು ಹೇಳದಿದ್ದರೂ ಸರಿ. ದೇವರು ನಿನ್ನ ಮಂಡಿಗೆ ಬಲ ಕೊಡಲಿ.

ನಿನ್ನ ಅಕ್ಕ,
ನಬವಿಯ್ಯ

ತಾ.ಕ.: ಅಂಚೆಗೆ ಹೊತ್ತಾಯಿತು. ಹೊಸ ಸೀರಿಯಲ್ಲಿಗೆ ಅದೇ ನಗು ಬೇಕಂತೆ, ಮುಂದಿನ ತಿಂಗಳು ಶೂಟಿಂಗ್. ಬೇರೆ ಕೆಲಸ ನನ್ನ ಕೈಯಲ್ಲಿಲ್ಲ. "ಅದು ನಮ್ಮ ತಂಗೀದು, ಅವಳನ್ನ ಕೇಳ್ಬೇಕು" ಅಂದೆ. "ನಗೋಕೂ ಅಪ್ಪಣೇನಾ ಹಾಜ್ಜಾ?" ಎಂದ ನಿರ್ದೇಶಕ. ನೀನು ಬೇಡವೆಂದರೆ ಮಾಡುವುದಿಲ್ಲ. ಉತ್ತರ ಬರದಿದ್ದರೂ ಬೇಡವೆಂದೇ ತಿಳಿಯುತ್ತೇನೆ. ಮೊನ್ನೆ ರೇಡಿಯೋ ಕೇಳುತ್ತಾ ಒಬ್ಬಳೇ ನಕ್ಕುಬಿಟ್ಟೆ, ನಕ್ಕು ಬಾಗಿಲ ಕಡೆ ನೋಡಿದೆ. ನಟನೆಯಲ್ಲ ಕಣೇ. ಮೆಟ್ಟಿಲಲ್ಲಿ ಯಾರದೋ ಹೆಜ್ಜೆ ಕೇಳಿತ್ತು, ನಿನ್ನದೇನೋ ಅಂದುಕೊಂಡೆ.